ಸಂಬಳದ ಚೀಟಿಯಲ್ಲಿ ಐದನೇ ವರ್ಗ: ಜರ್ಮನಿಗೆ ಬರುವ ಅಕ್ಕತಂಗಿಯರಿಗೆ

ಜರ್ಮನಿಯಲ್ಲಿ ಕೆಲಸ ಮಾಡುವ ಎಲ್ಲರ ಸಂಬಳದ ಚೀಟಿಯಲ್ಲೂ ಒಂದು ಸಣ್ಣ ಅಂಕಿ ಇರುತ್ತದೆ. ಅದು ತೆರಿಗೆ ವರ್ಗ, ಇಲ್ಲಿಯವರು ಸ್ಟೊಯರ್‌ಕ್ಲಾಸೆ ಅನ್ನುತ್ತಾರೆ. ಮದುವೆಯಾಗಿ ಒಟ್ಟಿಗೆ ಇರುವವರಿಗೆ ಅದು ಮೂರು, ನಾಲ್ಕು ಇಲ್ಲವೇ ಐದು. ನನಗೆ ಪರಿಚಯ ಇರುವ ಕನ್ನಡದ ಮನೆಗಳಲ್ಲಿ ಮೂರು ಗಂಡನದು, ಐದು ಹೆಂಡತಿಯದು. ಹೀಗೆ ಮೂರು-ಐದು ಹಂಚಿಕೊಂಡ ಜರ್ಮನ್ ಮನೆಗಳಲ್ಲೂ ಐದು ಹೆಂಡತಿಯ ಪಾಲಿಗೇ ಬರುವುದು ಜಾಸ್ತಿ.

ಊರಿಗೆ ಬಂದಾಗ ನೆಂಟರು ಕೇಳುವುದು ಬೇರೆ. "ಅಲ್ಲಿ ಗಂಡು ಹೆಣ್ಣು ಅಂತ ಭೇದ ಇಲ್ಲ, ಅಲ್ವಾ?" ಹದಿನಾರು ವರ್ಷ ಮೆರ್ಕೆಲ್ ಆಳಿದ ದೇಶ, ರಾತ್ರಿ ಹನ್ನೊಂದಕ್ಕೆ ಹುಡುಗಿ ಒಬ್ಬಳೇ ಟ್ರೈನಲ್ಲಿ ಬರುವ ದೇಶ, ಹೌದಲ್ಲವಾ ಅನ್ನುತ್ತಾರೆ. ಹೌದು, ಆ ಟ್ರೈನಲ್ಲಿ ನಾನೂ ಬಂದಿದ್ದೇನೆ, ಅದರ ಬೆಲೆ ನನಗೆ ಗೊತ್ತು. ಆದರೆ ಮಗಳಿಗೆ ಜರ್ಮನಿಯ ಸಂಬಂಧ ನೋಡುತ್ತಿರುವ ಅಪ್ಪ-ಅಮ್ಮಂದಿರಿಗೂ, ಬೆಂಗಳೂರಿನ ಕೆಲಸ ಬಿಟ್ಟು ಗಂಡನ ಜೊತೆ ಹೊರಡಲು ಪೆಟ್ಟಿಗೆ ಕಟ್ಟುತ್ತಿರುವ ತಂಗಿಯರಿಗೂ ಆ ಸಣ್ಣ ಅಂಕಿಯ ಬಗ್ಗೆ ಯಾರೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಗಂಡನ ಪ್ಯಾನ್ ಕಾರ್ಡ್ ಬೇರೆ, ಹೆಂಡತಿಯದು ಬೇರೆ. ಅವರವರ ಫಾರ್ಮ್ 16, ಅವರವರ ತೆರಿಗೆ. ಇಲ್ಲಿ ಹಾಗಲ್ಲ. ಗಂಡ-ಹೆಂಡಿರ ಎರಡೂ ಆದಾಯ ಕೂಡಿಸಿ, ಅರ್ಧ ಮಾಡಿ, ಆ ಅರ್ಧಕ್ಕೆ ಎಷ್ಟು ತೆರಿಗೆ ಬರುತ್ತದೋ ಅದನ್ನು ಎರಡರಿಂದ ಗುಣಿಸುತ್ತಾರೆ. 1958ರಿಂದ ಹೀಗೇ ನಡೆದಿದೆ. ಇಬ್ಬರೂ ಒಂದೇ ಸಮ ದುಡಿದರೆ ಇದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಒಬ್ಬರು ತುಂಬಾ ದುಡಿದು ಇನ್ನೊಬ್ಬರು ಏನೂ ದುಡಿಯದಿದ್ದರೆ ಅತಿ ಹೆಚ್ಚು ಉಳಿತಾಯ. ಅಂದರೆ ಒಬ್ಬರು ಮನೆಯಲ್ಲಿ ಕೂತಷ್ಟೂ ತೆರಿಗೆ ಕಡಿಮೆ. ಆ ಒಬ್ಬರು ಯಾರಾಗುತ್ತಾರೆ ಅಂತ ಕಾನೂನು ಹೇಳುವುದಿಲ್ಲ. ಮನೆಯವರೇ ಹೇಳುತ್ತಾರೆ.

ಈ ಲೆಕ್ಕವನ್ನೇ ತಿಂಗಳ ಸಂಬಳಕ್ಕೆ ಇಳಿಸುವುದು ಮೂರು-ಐದು. ಎಷ್ಟು ಆದಾಯದವರೆಗೆ ತೆರಿಗೆ ಇಲ್ಲ ಅನ್ನುವ ಮಿತಿ ಇದೆಯಲ್ಲ, ಅದರಲ್ಲಿ ಇಬ್ಬರ ಪಾಲನ್ನೂ ಮೂರರವರಿಗೇ ಕೊಟ್ಟುಬಿಡುತ್ತಾರೆ. ಐದರವರಿಗೆ ಮೊದಲ ಯೂರೋಗಳಿಂದಲೇ ತೆರಿಗೆ ಹಿಡಿಯುತ್ತಾರೆ. ಗಂಡನ ಕೈಗೆ ಬರುವ ಸಂಬಳ ದಪ್ಪ ಕಾಣುತ್ತದೆ, ಹೆಂಡತಿಯದು ಸೊರಗುತ್ತದೆ. ವರ್ಷದ ಕೊನೆಗೆ ರಿಟರ್ನ್ ಹಾಕಿದಾಗ ನಾಲ್ಕು-ನಾಲ್ಕು ಇಟ್ಟುಕೊಂಡವರಿಗೂ ಮೂರು-ಐದು ಇಟ್ಟುಕೊಂಡವರಿಗೂ ಒಟ್ಟು ತೆರಿಗೆ ಒಂದೇ. ಈ ಮಾತನ್ನು ಎರಡು ಸಲ ಓದಿ. ಉಳಿತಾಯ ಒಂದೇ. ತಿಂಗಳು ತಿಂಗಳು ಯಾರ ಖಾತೆಗೆ ಎಷ್ಟು ಬೀಳುತ್ತದೆ ಅನ್ನುವುದಷ್ಟೇ ಬೇರೆ.

"ಒಂದೇ ಮನೆ ದುಡ್ಡು ತಾನೇ, ಯಾರ ಖಾತೆಯಾದರೇನು?" ಅಂತ ನಮ್ಮ ಗಂಡಸರು ಕೇಳುತ್ತಾರೆ. ಕಾರ್ಲ್ಸ್‌ರೂಹೆಯಲ್ಲಿರುವ ನನ್ನ ಗೆಳತಿಯ ಗಂಡನೂ ಹಾಗೇ ಅಂದಿದ್ದರು, ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಅವಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಟೆಸ್ಟಿಂಗ್ ಮಾಡಿಕೊಂಡಿದ್ದವಳು. ಇಲ್ಲಿ ಕಷ್ಟಪಟ್ಟು ಜರ್ಮನ್ ಕಲಿತು ಕೆಲಸ ಹಿಡಿದಳು. ವರ್ಗ ಐದು. ಆಮೇಲೆ ಬಸುರಿಯಾದಳು. ಇಲ್ಲಿ ಮಗು ನೋಡಿಕೊಳ್ಳಲು ರಜೆ ಹಾಕಿದವರಿಗೆ ಸರ್ಕಾರ ಎಲ್ಟರ್ನ್‌ಗೆಲ್ಡ್ ಕೊಡುತ್ತದೆ, 2007ರಲ್ಲಿ ಶುರುವಾಗಿದ್ದು, ಬಹಳ ಒಳ್ಳೆಯ ಯೋಜನೆ. ಆದರೆ ಅದರ ಲೆಕ್ಕ ಕೈಗೆ ಬಂದ ಸಂಬಳದ ಮೇಲೆ. ಅದರ ಸುಮಾರು 65 ಪರ್ಸೆಂಟು, ತಿಂಗಳಿಗೆ ಹೆಚ್ಚೆಂದರೆ 1800 ಯೂರೋ. ಐದನೇ ವರ್ಗದಲ್ಲಿ ಸೊರಗಿದ ಸಂಬಳದ 65 ಪರ್ಸೆಂಟು ಎಷ್ಟಾಗುತ್ತದೆ ನೀವೇ ನೋಡಿ. ವರ್ಗ ಬದಲಾಯಿಸಬಹುದಿತ್ತು, ಆದರೆ ಹೆರಿಗೆಗೆ ಎಷ್ಟೋ ತಿಂಗಳು ಮುಂಚೆ ಬದಲಾಯಿಸಿರಬೇಕು, ಅವಳಿಗೆ ಗೊತ್ತಾಗುವಾಗ ಹೊತ್ತು ಮೀರಿತ್ತು. ಕೆಲಸ ಹೋದರೆ ಸಿಗುವ ನಿರುದ್ಯೋಗ ಭತ್ಯೆಗೂ ಇದೇ ಲೆಕ್ಕ. ಗಂಡನ ತಿಂಗಳ ಸಂಬಳದಲ್ಲಿ ದಪ್ಪಗೆ ಕಂಡಿದ್ದು, ಅವಳಿಗೆ ಬೇಕಾದ ಹೊತ್ತಿನಲ್ಲಿ ಅವಳ ಹೆಸರಿನಲ್ಲಿ ಇರಲಿಲ್ಲ.

ಇದರ ಹಿಂದೆ ಒಂದು ಇತಿಹಾಸ ಇದೆ. ಅದು ಗೊತ್ತಾದ ಮೇಲೆ ನನಗೆ ಈ ದೇಶ ಜಾಸ್ತಿ ಅರ್ಥವಾಯಿತು. 1948-49ರಲ್ಲಿ ಬಾನ್ ನಗರದಲ್ಲಿ ಪಶ್ಚಿಮ ಜರ್ಮನಿಯ ಸಂವಿಧಾನ ಬರೆಯಲು ಕೂತ ಸಭೆಯಲ್ಲಿ 61 ಗಂಡಸರು, 4 ಹೆಂಗಸರು. ಆ ನಾಲ್ವರಲ್ಲಿ ಒಬ್ಬರು ಎಲಿಜಾಬೆತ್ ಸೆಲ್ಬರ್ಟ್, ಕಾಸೆಲ್ ಊರಿನ ವಕೀಲರು. "ಗಂಡಸರು ಮತ್ತು ಹೆಂಗಸರು ಸಮಾನ ಹಕ್ಕುಳ್ಳವರು" ಅನ್ನುವ ಒಂದು ಸಾಲು ಇರಲಿ ಅಂತ ಅವರು ಹಟ ಹಿಡಿದರು. ಸಭೆ ಮೊದಲು ಒಪ್ಪಲೇ ಇಲ್ಲ. ಅವರು ಊರೂರು ತಿರುಗಿ ಮಾತಾಡಿದರು, ಹೆಂಗಸರ ಪತ್ರಗಳು ರಾಶಿ ರಾಶಿ ಬಾನ್‌ಗೆ ಬಂದವು, ಕೊನೆಗೆ ಆ ಸಾಲು ಸೇರಿತು. ಈಗಲೂ ಮೂರನೇ ವಿಧಿಯಲ್ಲಿ ಅದೇ ಸಾಲು ಇದೆ. ನನಗೆ ಅದನ್ನು ಓದಿದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಆದರೆ ಸಾಲು ಬಂದ ಮಾತ್ರಕ್ಕೆ ಮನೆಯೊಳಗೆ ಏನೂ ಬದಲಾಗಲಿಲ್ಲ. 1958ರವರೆಗೆ ಹೆಂಡತಿಯ ಕೆಲಸ ಬಿಡಿಸುವ ಅಧಿಕಾರ ಗಂಡನಿಗೆ ಇತ್ತು. ಅದು ಹೋದ ಮೇಲೂ, 1977ರವರೆಗೆ, ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಅಂತ ಕಾನೂನಿನಲ್ಲೇ ಬರೆದಿತ್ತು. 1977! ನಮ್ಮ ಅಮ್ಮಂದಿರು ಕೆಲಸಕ್ಕೆ ಸೇರುತ್ತಿದ್ದ ಕಾಲ. ನಮ್ಮ ಪಕ್ಕದ ಮನೆಯ ಅಜ್ಜಿ ಆ ಕಾಲದಲ್ಲಿ ಮದುವೆಯಾದವರು, ಈಗ ಗಂಡ ತೀರಿಕೊಂಡ ಮೇಲೆ ಅವರ ಕೈಗೆ ಬರುವುದು ಬಹುಪಾಲು ಗಂಡನ ಲೆಕ್ಕದ ಪಿಂಚಣಿ. ತಾವೇ ದುಡಿದು ಕಟ್ಟಿದ್ದು ಅಂತ ಬಹಳ ಕಡಿಮೆ. "ನೀನು ಕೆಲಸ ಬಿಡಬೇಡ ಹುಡುಗಿ" ಅಂತ ನನಗೆ ಮೊದಲು ಹೇಳಿದವರು ಅವರೇ.

ಆಗ ಬೇರೆಯೇ ದೇಶವಾಗಿದ್ದ ಪೂರ್ವ ಜರ್ಮನಿಯ ಕತೆ ಬೇರೆ. ನನ್ನ ಟೀಮಿನಲ್ಲಿ ಒಬ್ಬರು ಲೈಪ್ಜಿಗ್ ಕಡೆಯವರು, ಐವತ್ತು ದಾಟಿದವರು. ಅವರ ತಾಯಿ ಟ್ರಾಮ್ ಓಡಿಸುತ್ತಿದ್ದರಂತೆ, ಮಗು ಸಣ್ಣದಿರುವಾಗಲೇ ಶಿಶುವಿಹಾರ, ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ. ಅಲ್ಲಿ ಹೆಂಗಸರು ದುಡಿಯಲೇಬೇಕು ಅನ್ನುವುದು ಸರ್ಕಾರದ ನೀತಿ. ಹಾಗಂತ ಅಡುಗೆಮನೆ ಗಂಡಸರ ಪಾಲಿಗೆ ಹೋಗಲಿಲ್ಲ. ತಿಂಗಳಿಗೊಂದು ದಿನ ಸಂಬಳ ಸಹಿತ ರಜೆ ಇತ್ತು, ಮನೆ ತೊಳೆದು ಬಟ್ಟೆ ಒಗೆಯಲು, ಅದೂ ಬಹುಪಾಲು ಹೆಂಗಸರಿಗೆ ಮಾತ್ರ! ಬರ್ಲಿನ್ ಗೋಡೆ ಬಿದ್ದು ಇಷ್ಟು ವರ್ಷವಾದರೂ ಎರಡೂ ಕಡೆಯ ಗುಣ ಹೋಗಿಲ್ಲ. ಗಂಡು-ಹೆಣ್ಣಿನ ಸಂಬಳದ ಅಂತರ ಪೂರ್ವದಲ್ಲಿ ಪಶ್ಚಿಮಕ್ಕಿಂತ ಬಹಳ ಕಡಿಮೆ. ಇಡೀ ದೇಶದ ಲೆಕ್ಕದಲ್ಲಿ 2024ರಲ್ಲಿ ಗಂಟೆ ಸಂಬಳದ ಅಂತರ 16 ಪರ್ಸೆಂಟು ಇತ್ತು.

ಈ ಅಂತರಕ್ಕೆ ದೊಡ್ಡ ಕಾರಣ ಅರೆಕಾಲಿಕ ಕೆಲಸ. ಇಲ್ಲಿ ದುಡಿಯುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಅರೆಕಾಲಿಕ. ಗಂಡಸರಲ್ಲಿ ಸುಮಾರು ಎಂಟರಲ್ಲಿ ಒಬ್ಬರು. ಯಾಕೆ ಅಂದರೆ ಮಗುವನ್ನು ಮಧ್ಯಾಹ್ನ ಯಾರು ಕರೆದುಕೊಂಡು ಬರುವುದು? ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ 2013ರಿಂದ ಶಿಶುವಿಹಾರದಲ್ಲಿ ಜಾಗ ಕಾನೂನಿನ ಹಕ್ಕು. ಹಕ್ಕು ಇದೆ, ಜಾಗ ಇರುವುದಿಲ್ಲ. ಜಾಗ ಸಿಕ್ಕಿದರೆ ಅದು ಮಧ್ಯಾಹ್ನ ಒಂದೂವರೆವರೆಗೆ. ಪೂರ್ತಿ ದಿನದ ಜಾಗ ಸಿಕ್ಕಿದರೆ ಸಿಬ್ಬಂದಿ ಇಲ್ಲ, ಈ ವಾರ ಮೂರಕ್ಕೇ ಮುಚ್ಚುತ್ತೇವೆ ಅಂತ ಮೇಲ್ ಬರುತ್ತದೆ. ಬರ್ಲಿನ್‌ನಲ್ಲಿ 2018ರಿಂದ ಶಿಶುವಿಹಾರಕ್ಕೆ ಶುಲ್ಕವೇ ಇಲ್ಲ, ನಾವಿರುವ ಸ್ಟುಟ್‌ಗಾರ್ಟ್ ಕಡೆ ತಿಂಗಳಿಗೆ ನೂರಾರು ಯೂರೋ. ಪ್ರಾಥಮಿಕ ಶಾಲೆ ಇನ್ನೂ ಕಷ್ಟ, ಎಷ್ಟೋ ಕಡೆ ಊಟದ ಹೊತ್ತಿಗೆ ಮಕ್ಕಳು ಮನೆಯಲ್ಲಿ. ಹೀಗಿರುವಾಗ ಕಡಿಮೆ ಸಂಬಳದವರು, ಐದನೇ ವರ್ಗದವರು, ಅವರೇ ಕೆಲಸ ಕಡಿಮೆ ಮಾಡಲಿ ಅನ್ನುವುದು ಲೆಕ್ಕಕ್ಕೆ ಸರಿಯಾಗೇ ಕಾಣುತ್ತದೆ. ಆಮೇಲೆ ಬರುವುದು ಮಿನಿಜಾಬ್. ತಿಂಗಳಿಗೆ ಇಷ್ಟರೊಳಗೆ ದುಡಿದರೆ, 2025ರಲ್ಲಿ ಅದು 556 ಯೂರೋ ಇತ್ತು, ಕೈಗೆ ಬರುವ ದುಡ್ಡಿಗೆ ಸಾಮಾನ್ಯವಾಗಿ ತೆರಿಗೆ ಹಿಡಿಯುವುದಿಲ್ಲ, ಸರ್ಕಾರಿ ಆರೋಗ್ಯ ವಿಮೆಯಾದರೆ ಗಂಡನ ವಿಮೆಯಲ್ಲೇ ಹೆಂಡತಿಗೂ ಪುಕ್ಕಟೆ. ಸಣ್ಣ ಕೆಲಸ, ಸಣ್ಣ ಪಿಂಚಣಿ. ಎಂ.ಟೆಕ್ ಮಾಡಿದ ನಮ್ಮ ಹೆಣ್ಣುಮಕ್ಕಳು ಬೇಕರಿ ಕೌಂಟರಿನಲ್ಲಿ ಮಿನಿಜಾಬ್ ಮಾಡುವುದನ್ನು ನೋಡಿದ್ದೇನೆ. ಕೌಂಟರ್ ಕೆಲಸ ಕೀಳು ಅಂತಲ್ಲ. ಅದು ಅವರ ಆಯ್ಕೆ ಆಗಿರಲಿಲ್ಲ, ಅದು ನನಗೆ ಸಂಕಟ.

ಹಾಗಾದರೆ ಬೆಂಗಳೂರೇ ವಾಸಿ ಅನ್ನುತ್ತೀರಾ? ಅದೂ ಹೇಳಲಾರೆ. ಬೆಂಗಳೂರಿನಲ್ಲಿ ನಾನು ಬೆಳಿಗ್ಗೆ ಎಂಟಕ್ಕೆ ಕ್ಯಾಬ್ ಹತ್ತುತ್ತಿದ್ದೆ ಅಂದರೆ ಅದು ಅಮ್ಮ ಡಬ್ಬಿ ಕಟ್ಟುತ್ತಿದ್ದರಿಂದ, ಕಸಮುಸುರೆಗೆ ಒಬ್ಬರು ಅಕ್ಕ ಬರುತ್ತಿದ್ದರಿಂದ. ಆ ಅಕ್ಕನಿಗೆ ರಜೆ ಇಲ್ಲ, ಪಿಂಚಣಿ ಇಲ್ಲ, ಅವರ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನನ್ನ ಸಂಬಳ ಇಬ್ಬರು ಹೆಂಗಸರ ಬೆನ್ನ ಮೇಲೆ ನಿಂತಿತ್ತು. ನನ್ನ ಗಂಡ ಆಗ ತಟ್ಟೆ ತೊಳೆದವರಲ್ಲ, ತೊಳೆಯುವ ಸಂದರ್ಭವೇ ಬರಲಿಲ್ಲ.

ಇಲ್ಲಿ ಬಂತು. ಇಲ್ಲಿ ಮನೆಕೆಲಸದವರನ್ನು ಇಟ್ಟುಕೊಳ್ಳುವುದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಮೇಲಾಗಿ ನಮ್ಮ ಈ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ, ಅಪಾರ್ಟ್‌ಮೆಂಟಿನ ಮೆಟ್ಟಿಲು, ಮುಂದಿನ ಫುಟ್‌ಪಾತು ಗುಡಿಸಿ ಒರೆಸುವ ಸರದಿ ಮನೆ ಮನೆಗೂ ಬರುತ್ತದೆ. ಸರದಿ ಬಂದ ವಾರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಅತ್ತೆ ಬಂದಿದ್ದಾಗ ಮಗ ಬಕೆಟ್ ಹಿಡಿದು ಮೆಟ್ಟಿಲು ಒರೆಸುವುದು ನೋಡಿ ತಡೆಯಲಾರದೆ ಅಂದರು: "ಏನಮ್ಮಾ, ಅವನ ಕೈಲಿ ಮೆಟ್ಟಿಲು ಒರೆಸ್ತೀಯಲ್ಲ!" ನಾನು ಉತ್ತರ ಕೊಡುವ ಮೊದಲೇ ನನ್ನ ಗಂಡನೇ ಹೇಳಿದರು, "ಅಮ್ಮಾ, ಅವಳು ಕಳೆದ ಸರದಿ ಮಾಡಿದ್ದಾಳೆ, ಇದು ನಂದು." ಅತ್ತೆ ಸುಮ್ಮನಾದರು. ಮೂರನೇ ವಾರಕ್ಕೆ "ನಿಮ್ಮ ಮಾವನಿಗೂ ಇದನ್ನೆಲ್ಲ ಆಗಲೇ ಕಲಿಸಬೇಕಿತ್ತು ಕಣಮ್ಮ" ಅಂದರು. ಅದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ.

ಈಗ ಬರುವವರಿಗೆ ನನ್ನ ಮಾತು. ಗಂಡನ ಜೊತೆ ಬಂದ ಹೆಂಡತಿಗೆ ಇಲ್ಲಿ ಮೊದಲ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ. ಅಮೆರಿಕಕ್ಕೆ ಕೆಲಸಕ್ಕೆ ಹೋದವರ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಕೈಕಟ್ಟಿ ಕೂತ ಹಾಗೆ ಇಲ್ಲಿ ಆಗಬೇಕಿಲ್ಲ. ಆದ್ದರಿಂದ ಜರ್ಮನ್ ಭಾಷೆ ಊರಲ್ಲೇ ಶುರುಮಾಡಿ. ಮದುವೆಯಾದವರಿಗೆ ಮಾಮೂಲಾಗಿ ಕೊಡುವುದು ನಾಲ್ಕು-ನಾಲ್ಕು. ಮೂರು-ಐದು ಬೇಕೆಂದರೆ ನೀವೇ ಅರ್ಜಿ ಹಾಕಬೇಕು, ಗಂಡನ ಆಫೀಸಿನವರು ಫಾರ್ಮ್ ತಂದುಕೊಟ್ಟರೆ ಸಹಿ ಹಾಕುವ ಮೊದಲು ಕೂತು ಮಾತಾಡಿ. ಮಗು ಬೇಕು ಅಂತ ಯೋಚನೆ ಬಂದ ದಿನವೇ ವರ್ಗ ನೋಡಿಕೊಳ್ಳಿ. ಎಲ್ಟರ್ನ್‌ಗೆಲ್ಡ್ 12 ತಿಂಗಳು ಸಿಗುತ್ತದೆ, ಅಪ್ಪನೂ ಕನಿಷ್ಠ 2 ತಿಂಗಳು ತೆಗೆದುಕೊಂಡರೆ 14. ಎಷ್ಟೋ ಅಪ್ಪಂದಿರು ಆ ಎರಡು ತಿಂಗಳಿಗೇ ನಿಲ್ಲಿಸುತ್ತಾರೆ, ಆರು ತೆಗೆದುಕೊಳ್ಳಬಾರದು ಅಂತ ಯಾರೂ ಹೇಳಿಲ್ಲ. ಮುಂದೆ ಊರಿಗೆ ವಾಪಸ್ ಹೋಗುವವರಾದರೂ ಪಿಂಚಣಿ ಬಿಡಬೇಡಿ. ಭಾರತ-ಜರ್ಮನಿ ಸಾಮಾಜಿಕ ಭದ್ರತೆ ಒಪ್ಪಂದ 2017ರಿಂದ ಜಾರಿಯಲ್ಲಿದೆ, ನಿಮ್ಮ ಹೆಸರಿನಲ್ಲಿ ಕಟ್ಟಿದ್ದು ನಿಮ್ಮದೇ.

ನಮ್ಮ ಮನೆಯಲ್ಲಿ ನಾಲ್ಕು-ನಾಲ್ಕು ಇದೆ. ನಾನು ವಾರಕ್ಕೆ 28 ಗಂಟೆ, ಅವರು ಪೂರ್ತಿ. ಮಗಳು 2026ರ ಸೆಪ್ಟೆಂಬರಿಗೆ ಒಂದನೇ ಕ್ಲಾಸು. ಅದೇ ಆಗಸ್ಟಿನಿಂದ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ ಎಂಟು ಗಂಟೆ ನೋಡಿಕೊಳ್ಳುವ ವ್ಯವಸ್ಥೆ ಕಾನೂನಿನ ಹಕ್ಕಾಗುತ್ತದೆ, ವರ್ಷಕ್ಕೊಂದು ತರಗತಿ ಸೇರುತ್ತಾ ನಾಲ್ಕನೇ ಕ್ಲಾಸಿನವರೆಗೆ. ಶಿಶುವಿಹಾರದ ಅನುಭವ ಇರುವುದರಿಂದ ಅದನ್ನೇ ನಂಬಿ ಕೂರಲಿಲ್ಲ. ನನ್ನ ಗಂಡ ಒಂದು ವರ್ಷಕ್ಕೆ 80 ಪರ್ಸೆಂಟು ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. 2019ರಿಂದ ಇರುವ ಕಾನೂನಿನ ಪ್ರಕಾರ ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಹೀಗೆ ಕಡಿಮೆ ಮಾಡಿಕೊಂಡು ಆಮೇಲೆ ಪೂರ್ತಿ ಕೆಲಸಕ್ಕೆ ಮರಳುವ ಹಕ್ಕಿದೆ. ಅರ್ಜಿ ನೋಡಿದ ಮೇಲಿನವರು ಕಾಳಜಿಯಿಂದಲೇ ಕೇಳಿದರಂತೆ, "ನಿಮ್ಮ ಹೆಂಡತಿಗೆ ಹುಷಾರಿಲ್ವಾ?" ನಾನು ಅರ್ಜಿ ಹಾಕಿದಾಗ ನನ್ನ ಆಫೀಸಿನಲ್ಲಿ ಯಾರೂ ಗಂಡನ ಆರೋಗ್ಯ ವಿಚಾರಿಸಿರಲಿಲ್ಲ. ಇವರು "ಹುಷಾರಾಗಿದ್ದಾಳೆ, ಅವಳು ಪೂರ್ತಿ ಕೆಲಸಕ್ಕೆ ಹೋಗ್ತಾಳೆ" ಅಂದರಂತೆ. ಅರ್ಜಿ ಮಂಜೂರಾಗಿದೆ. ಅಕ್ಟೋಬರಿನಿಂದ ಬುಧವಾರ, ಶುಕ್ರವಾರದ ಮಧ್ಯಾಹ್ನ ಮಗಳ ಹೊಣೆ ಅವರದು, ನಾನು ಬೇಸಿಗೆ ಮುಗಿದ ಕೂಡಲೇ 40 ಗಂಟೆಗೆ ಮರಳುತ್ತಿದ್ದೇನೆ.