ಪಾಂಬನ್ ಸೇತುವೆಯ ಚಿಕ್ಕ ಗರ್ಡರ್‌ಗಳು ಕಲಿಸಿದ ಕೆಲಸ

ರೈಲ್ವೆಯ ಉಕ್ಕಿನ ಸೇತುವೆಗಳ ತಪಾಸಣೆ ಮತ್ತು ದುರಸ್ತಿ ನನ್ನ ವೃತ್ತಿ. ಈ ವೃತ್ತಿಯಲ್ಲಿ ನನ್ನ ಆಲೋಚನೆಯನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ತಿದ್ದಿದ್ದು ರಾಮೇಶ್ವರ ದ್ವೀಪವನ್ನು ತಮಿಳುನಾಡಿನ ಮುಖ್ಯ ಭೂಭಾಗಕ್ಕೆ ಜೋಡಿಸಿದ ಹಳೆಯ ಪಾಂಬನ್ ಸೇತುವೆ. 1914ರ ಫೆಬ್ರವರಿ 24ರಂದು ಸಂಚಾರಕ್ಕೆ ತೆರೆದ ಈ ಸೇತುವೆಯ ಮಾತು ಬಂದಾಗಲೆಲ್ಲ ಜನರು ಹಡಗು ಹಾಯಲೆಂದು ಎರಡಾಗಿ ಮೇಲೇಳುತ್ತಿದ್ದ ಭಾಗವನ್ನೇ ವರ್ಣಿಸುತ್ತಾರೆ. ಆ ವರ್ಣನೆಗೆ ಅದು ಅರ್ಹವೂ ಹೌದು. ಆದರೆ ನಮ್ಮಂಥ ಕೆಲಸದವರಿಗೆ ಅಲ್ಲಿ ನಿಜವಾದ ಪಾಠವಿದ್ದದ್ದು ಅದರ ಎರಡೂ ಬದಿಗೆ ಸಾಲಾಗಿ ಕುಳಿತಿದ್ದ, ಪ್ರವಾಸಿಗರ ಕಣ್ಣಿಗೆ ಬೀಳದ, ಹಳಿಯನ್ನು ಹೊರುವ ಉಕ್ಕಿನ ತೊಲೆಗಳಾದ ಚಿಕ್ಕ ಗರ್ಡರ್‌ಗಳಲ್ಲಿ.

ಈ ಸೇತುವೆ ಹುಟ್ಟಿದ್ದು ಸಿಲೋನಿನೊಂದಿಗಿನ, ಅಂದರೆ ಇಂದಿನ ಶ್ರೀಲಂಕಾದೊಂದಿಗಿನ, ವ್ಯಾಪಾರ ಮತ್ತು ಪ್ರಯಾಣದ ಸಲುವಾಗಿ. ಭಾರತದಿಂದ ಸಿಲೋನಿಗೇ ನೇರವಾಗಿ ಹಳಿ ಹಾಕುವ ಯೋಚನೆ ಬ್ರಿಟಿಷರ ಕಾಲದಲ್ಲಿ ಇತ್ತಾದರೂ ಅದರ ವೆಚ್ಚ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಸೌತ್ ಇಂಡಿಯನ್ ರೈಲ್ವೆ ಪಾಂಬನ್ ಕಾಲುವೆಯನ್ನು ದಾಟಿ ದ್ವೀಪದ ತುದಿಯ ಧನುಷ್ಕೋಡಿಯವರೆಗೆ ರೈಲು ಒಯ್ದಿತು. ಅಲ್ಲಿಂದ ಸಿಲೋನಿನ ತಲೈಮನ್ನಾರಿಗೆ ಹಡಗು, ಮುಂದೆ ಕೊಲಂಬೊಗೆ ಮತ್ತೆ ರೈಲು. ಬೋಟ್ ಮೇಲ್ ಎಂದು ಹೆಸರಾದ ಪ್ರಯಾಣ ಇದೇ. ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಗಳ ನಡುವೆ ಓಡಾಡುವ ಹಡಗುಗಳಿಗೂ ದಾರಿ ಬಿಡಬೇಕಾಗಿದ್ದರಿಂದ ಒಂದು ಕಡೆ ಷಿಕಾಗೋದ ವಿಲಿಯಂ ಷರ್ಜರ್ ರೂಪಿಸಿದ ಮಾದರಿಯ ಲಿಫ್ಟ್ ಸ್ಪ್ಯಾನ್, ಅಂದರೆ ಮೇಲೆತ್ತಬಹುದಾದ ಭಾಗ, ಕೂಡಿಸಿದರು. ಅದರ ಎರಡು ಅರ್ಧಗಳೂ ತೂಗುಕುರ್ಚಿಯಂತೆ ಬಾಗಿದ ಬುಡದ ಮೇಲೆ ಹಿಂದಕ್ಕೆ ಉರುಳುತ್ತ ಏಳುತ್ತಿದ್ದವು. ಹಿಂಬದಿಯ ಭಾರವು ಮುಂಬದಿಯ ಭಾರವನ್ನು ಸರಿದೂಗಿಸುತ್ತಿದ್ದುದರಿಂದ ಅಷ್ಟು ದೊಡ್ಡ ಉಕ್ಕನ್ನು ಕೆಲಸಗಾರರು ಕೈಬಲದಿಂದಲೇ ಎತ್ತುತ್ತಿದ್ದರು.

ಉಳಿದ ಸೇತುವೆ ತೀರ ಸರಳ. ಸುಮಾರು 2.06 ಕಿಲೋಮೀಟರ್ ಉದ್ದಕ್ಕೆ 140ಕ್ಕೂ ಹೆಚ್ಚು ಕಂಬಗಳು, ಅವುಗಳ ನಡುವೆ ಸುಮಾರು 12.2 ಮೀಟರ್, ಅಂದರೆ 40 ಅಡಿಯ ಸ್ಪ್ಯಾನ್‌ಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ನದಿಗಳ ಮೇಲಿನ ಉಕ್ಕಿನ ಪಟ್ಟಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಉದ್ದುದ್ದ ಟ್ರಸ್ ಸೇತುವೆಗಳೇ ಎಂಜಿನಿಯರಿಂಗಿನ ಹಿರಿಮೆ ಎಂದು ನಾನು ಎಣಿಸಿದ್ದೆ. ಪಾಂಬನ್ನಿನ ನಕ್ಷೆಗಳನ್ನು ಓದುತ್ತ ಹೋದಂತೆ ಆ ಎಣಿಕೆ ಉಳಿಯಲಿಲ್ಲ. ಅಲ್ಲಿ ಸಮುದ್ರ ಆಳವಿಲ್ಲ, ಆದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬಹುದು. ಕಂಬಗಳು ಹತ್ತಿರವಿದ್ದರೆ ಗರ್ಡರ್ ಚಿಕ್ಕದಾಗುತ್ತದೆ. ಗರ್ಡರ್ ಚಿಕ್ಕದಾಗಿ, ಎಲ್ಲವೂ ಒಂದೇ ಅಳತೆಯವಾದರೆ ಒಂದನ್ನು ತೆಗೆದು ಇನ್ನೊಂದನ್ನು ಇಡಲು ಬರುತ್ತದೆ. ಉದ್ದನೆಯ ಟ್ರಸ್ಸಿನಲ್ಲಿ ಒಂದು ಮುಖ್ಯ ಪಟ್ಟಿ ಕೆಟ್ಟರೆ ಇಡೀ ಸ್ಪ್ಯಾನೇ ಅಪಾಯಕ್ಕೆ ಸಿಕ್ಕುತ್ತದೆ, ಅದನ್ನು ಬದಲಿಸುವುದೇ ಒಂದು ಪ್ರತ್ಯೇಕ ಯೋಜನೆಯಾಗುತ್ತದೆ.

ಪಾಂಬನ್ನಿನ ಈ ಸರಳ ವಿನ್ಯಾಸದ ಬೆಲೆ ತಿಳಿದದ್ದು 1964ರಲ್ಲಿ. ಆ ವರ್ಷದ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತವು ಧನುಷ್ಕೋಡಿಯನ್ನು ಅಳಿಸಿಹಾಕಿತು. ಪಾಂಬನ್‌ನಿಂದ ಅಲ್ಲಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಅಲೆಗಳ ಪಾಲಾಗಿ ಅದರಲ್ಲಿದ್ದ 100ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಸೇತುವೆಯ ಗರ್ಡರ್‌ಗಳಲ್ಲಿ ಬಹುಪಾಲು ಸಮುದ್ರಕ್ಕೆ ಬಿದ್ದವು; ಲಿಫ್ಟ್ ಸ್ಪ್ಯಾನ್ ಮಾತ್ರ ನಿಂತುಕೊಂಡಿತು. ದುರಸ್ತಿಯ ಹೊಣೆ ಬಂದದ್ದು ಆಗಿನ್ನೂ ತರುಣ ಎಂಜಿನಿಯರ್ ಆಗಿದ್ದ ಇ. ಶ್ರೀಧರನ್ ಅವರಿಗೆ. ಮೊದಲು ಆರು ತಿಂಗಳೆಂದು ಅಂದಾಜಿಸಿದ್ದ ಕೆಲಸಕ್ಕೆ ಮೇಲಿನವರು ಮೂರು ತಿಂಗಳ ಗಡುವು ಕೊಟ್ಟರು, ಅವರ ತಂಡ 46 ದಿನಗಳಲ್ಲಿ ಮುಗಿಸಿತು. ಈ ಸಂಗತಿಯನ್ನು ಒಬ್ಬ ವ್ಯಕ್ತಿಯ ಛಲದ ಕಥೆಯಾಗಿ ಹೇಳುವುದು ವಾಡಿಕೆ, ಆ ಛಲವನ್ನು ನಾನೂ ಗೌರವಿಸುತ್ತೇನೆ. ಆದರೆ ಸಮುದ್ರದಲ್ಲಿ ಬಿದ್ದ ಗರ್ಡರ್‌ಗಳನ್ನು ಹುಡುಕಿ, ಮೇಲೆತ್ತಿ, ಮತ್ತೆ ಕಂಬಗಳ ಮೇಲೆ ಕೂರಿಸಲು ಸಾಧ್ಯವಾದದ್ದು ಅವು ಎತ್ತಬಹುದಾದ ಗಾತ್ರದವೂ ಒಂದರ ಜಾಗದಲ್ಲಿ ಇನ್ನೊಂದು ಹೊಂದುವಂಥವೂ ಆಗಿದ್ದುದರಿಂದ ಎಂಬುದನ್ನು ಸೇತುವೆ ಕೆಲಸದವರು ಮರೆಯಬಾರದು. ಅದಕ್ಕೂ ಐವತ್ತು ವರ್ಷಗಳ ಹಿಂದೆ ನಕ್ಷೆ ಬರೆದವರ ನಿರ್ಧಾರವೂ ಆ ತಂಡದ ಜೊತೆ ಕೆಲಸ ಮಾಡಿತ್ತು.

ಇದನ್ನು ಅರಿತ ಮೇಲೆ ನನ್ನ ತಪಾಸಣೆಯ ರೀತಿ ಬದಲಾಯಿತು. ಸೇತುವೆಯ ಬಲವನ್ನು ಲೆಕ್ಕ ಹಾಕುವುದರ ಜೊತೆಗೆ, ಈ ಭಾಗವನ್ನು ಮುಂದೆ ಯಾರು, ಎಲ್ಲಿ ನಿಂತು, ಯಾವ ಸಲಕರಣೆಯಿಂದ ಬಿಚ್ಚುತ್ತಾರೆ ಎಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡೆ. ಸಮುದ್ರದ ಮೇಲೆ ಈ ಪ್ರಶ್ನೆ ಇನ್ನೂ ಕಟುವಾಗುತ್ತದೆ. ಉಪ್ಪುನೀರಿನಲ್ಲಿ ಸದಾ ಮುಳುಗಿರುವ ಉಕ್ಕಿಗಿಂತ, ಒಮ್ಮೆ ಒದ್ದೆಯಾಗಿ ಒಮ್ಮೆ ಒಣಗುವ ಉಕ್ಕು ಬೇಗ ಸವೆಯುತ್ತದೆ. ರಿವೆಟ್ (ಗುಂಡುತಲೆಯ ಉಕ್ಕಿನ ಮೊಳೆ) ಹೊಡೆದು ಕೂಡಿಸಿದ ಎರಡು ತಗಡುಗಳ ಸಂದಿಗೆ ಉಪ್ಪಿನ ತೇವ ಸೇರಿದರೆ ಅಲ್ಲಿ ಹುಟ್ಟುವ ತುಕ್ಕು ಮೂಲ ಲೋಹಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ, ತಗಡುಗಳನ್ನೇ ಒತ್ತಿ ಅಗಲಿಸುತ್ತದೆ. ಬಣ್ಣದ ಮೇಲ್ಮೈ ಚೆನ್ನಾಗಿ ಕಾಣುತ್ತಿದ್ದರೂ ಒಳಗೆ ಇದು ನಡೆದಿರಬಹುದು. ಆದ್ದರಿಂದಲೇ ರಿವೆಟ್ಟಿನ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಯಿಂದ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ, ಸಡಿಲಾಗಿದೆಯೇ ಎಂದು ನೋಡುವ ಪದ್ಧತಿ ಇಂದಿಗೂ ಉಳಿದಿದೆ. ಕೈ ಹೋಗದ ಮೂಲೆ ತಪಾಸಣೆಗೂ ಸಿಗುವುದಿಲ್ಲ, ಬಣ್ಣಕ್ಕೂ ಸಿಗುವುದಿಲ್ಲ. ನಾನು ಪರಿಶೀಲಿಸುವ ಹೊಸ ನಕ್ಷೆಗಳಲ್ಲಿ ಇಂಥ ಮೂಲೆ ಕಂಡರೆ ಬಿಡುವುದಿಲ್ಲ.

2007ರಲ್ಲಿ ಪಾಂಬನ್ ಮಾರ್ಗವು ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಾಯಿತು, ಹಳೆಯ ಕಂಬಗಳೇ ಮೊದಲಿಗಿಂತ ಭಾರವಾದ ರೈಲುಗಳನ್ನು ಹೊತ್ತವು. ಗಾಳಿ ಜೋರಾದರೆ ಸಂಚಾರ ನಿಲ್ಲುತ್ತಿತ್ತು. ಕೊನೆಗೆ ಲಿಫ್ಟ್ ಸ್ಪ್ಯಾನ್ ಸವೆದು 2022ರ ಡಿಸೆಂಬರ್‌ನಲ್ಲಿ ರೈಲುಗಳನ್ನು ನಿಲ್ಲಿಸಬೇಕಾಯಿತು. 2025ರ ಏಪ್ರಿಲ್ 6ರಂದು ಪಕ್ಕದಲ್ಲೇ ಹೊಸ ಸೇತುವೆ ಉದ್ಘಾಟನೆಯಾಯಿತು. ಅದರ 72.5 ಮೀಟರ್‌ನ ಲಿಫ್ಟ್ ಸ್ಪ್ಯಾನ್ ಎರಡಾಗಿ ತೆರೆಯದೆ ಇಡಿಯಾಗಿ ನೇರ ಮೇಲಕ್ಕೇರುತ್ತದೆ. ನನಗೆ ಹೆಚ್ಚು ಸಂತೋಷ ತಂದದ್ದು ಬೇರೆ ವಿಷಯ: ಉಳಿದ 99 ಸ್ಪ್ಯಾನ್‌ಗಳೂ 18.3 ಮೀಟರ್‌ನ ಒಂದೇ ಅಳತೆಯವು. ಉದ್ದ ಹೆಚ್ಚಿದರೂ ಹಳೆಯ ಸೇತುವೆಯ ತತ್ವವನ್ನು ಬಿಟ್ಟುಕೊಟ್ಟಿಲ್ಲ.

ಹಳೆಯ ಸೇತುವೆಯ ಒಂದು ತುಂಡನ್ನು ಪ್ರದರ್ಶನಕ್ಕೆ ಇಟ್ಟರೆ ಒಳ್ಳೆಯದೇ, ಆದರೆ ನಾನು ಬಯಸುವುದು ಅಷ್ಟನ್ನೇ ಅಲ್ಲ. ಅದರ ತಪಾಸಣೆಯ ರಿಜಿಸ್ಟರ್‌ಗಳು, ತಗಡು ಬದಲಿಸಿದ ದಾಖಲೆಗಳು, ಬಣ್ಣ ಬಳಿದ ವರ್ಷಗಳ ಲೆಕ್ಕ ಇವೆಲ್ಲವನ್ನೂ ಒಂದೆಡೆ ಸೇರಿಸಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಓದಲು ಸಿಗುವಂತೆ ಮಾಡಬೇಕು. ಗರ್ಡರ್‌ಗಳ ಬೇರೆ ಬೇರೆ ಎತ್ತರದಿಂದ ಉಕ್ಕಿನ ಮಾದರಿಗಳನ್ನು ಕತ್ತರಿಸಿ, ಎಷ್ಟು ದಪ್ಪ ಉಳಿದಿದೆ ಎಂದು ಅಳೆದು ಆ ದಾಖಲೆಗಳ ಜೊತೆ ಹೋಲಿಸಬೇಕು. ಹೊಸ ಸೇತುವೆಯನ್ನು ನೋಡಿಕೊಳ್ಳುವ ತಂಡಕ್ಕೆ ಆ ಸಮುದ್ರದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಬೇರೆಲ್ಲೂ ಸಿಗಲಾರದು.