ದಿನಕ್ಕೆ 15 ಕಾಳಗ

ಹೆಸರು ಕೇಳಿತು. ಕೇಳಿದ್ದು ಒಂದು ಕಂಪ್ಯೂಟರ್ ಆಟ, ನನ್ನ ಹೆಸರು ಕೊಡಲು ಮನಸ್ಸಾಗಲಿಲ್ಲ. ಚಿತ್ರದುರ್ಗದವಳಿಗೆ ತಟ್ಟನೆ ಹೊಳೆಯುವ ಇನ್ನೊಂದು ಹೆಸರು ಯಾವುದು? ಓಬವ್ವ ಅಂತ ಟೈಪ್ ಮಾಡಿದೆ. ಆಮೇಲೆ ನೋಡಿದರೆ, ಆಟಕ್ಕೆ ಹೊಸದಾಗಿ ಬಂದವರಿಗೆಲ್ಲ ಸಿಗುವುದು ಮೈಮೇಲೊಂದು ಕೋಟು, ಕೈಯಲ್ಲೊಂದು ಕೋಲು. ಒಬ್ಬಳೇ ಕೂತು ಜೋರಾಗಿ ನಕ್ಕುಬಿಟ್ಟೆ. ಒನಕೆ ಕೊಟ್ಟೇ ಕಳಿಸಿದ್ದರು!

ಅದು 1994ರ ಚಳಿಗಾಲ, ಒಹಾಯೋದ ಡೇಟನ್. ಮದುವೆಯಾಗಿ ಹೋಗಿ ನಾಲ್ಕು ತಿಂಗಳಾಗಿತ್ತು. ಎಚ್-4 ವೀಸಾ, ಆಗ ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ನಮ್ಮನೆಯವರು ಬೆಳಿಗ್ಗೆ ಏಳೂವರೆಗೆ ಮನೆಯಲ್ಲಿದ್ದ ಒಂದೇ ಕಾರು ತೆಗೆದುಕೊಂಡು ಹೊರಟರೆ ಬರುವುದು ಸಂಜೆ ಆರಕ್ಕೆ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ನಾನು, ಒಂದು 486 ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಸೆಕೆಂಡ್‌ಹ್ಯಾಂಡ್ 2400 ಬಾಡ್ ಮೋಡೆಮ್, ಅಂದರೆ ಫೋನ್ ಲೈನಿನ ಮೂಲಕ ಬೇರೆ ಕಂಪ್ಯೂಟರಿಗೆ ಸೇರಿಸುವ ಸಾಧನ.

ಆ ಆಟ ಇದ್ದದ್ದು ಒಂದು ಬಿಬಿಎಸ್‌ನಲ್ಲಿ, ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಮ್‌ನಲ್ಲಿ. ಯಾರೋ ಒಬ್ಬರು ತಮ್ಮ ಮನೆಯ ಕಂಪ್ಯೂಟರಿಗೆ ಫೋನ್ ಲೈನ್ ಸಿಕ್ಕಿಸಿ ಊರವರಿಗೆ ಬಾಗಿಲು ತೆರೆದಿಡುವುದು. 1978ರ ಜನವರಿಯಲ್ಲಿ ಶಿಕಾಗೋದಲ್ಲಿ ಹಿಮ ಬಿದ್ದು ಮನೆ ಬಿಟ್ಟು ಹೊರಡಲಾಗದೆ ಕೂತಾಗ ವಾರ್ಡ್ ಕ್ರಿಸ್ಟೆನ್ಸನ್, ರ್‍ಯಾಂಡಿ ಸ್ಯೂಸ್ ಎಂಬ ಇಬ್ಬರು ಗೆಳೆಯರಿಗೆ ಹೊಳೆದದ್ದಂತೆ. ಹಿಮದಲ್ಲಿ ಸಿಕ್ಕಿಬಿದ್ದವರ ಕಷ್ಟ ನನಗೂ ಗೊತ್ತಿತ್ತು. ನಾನು ಹೋಗುತ್ತಿದ್ದ ಬೋರ್ಡಿಗೆ ಇದ್ದದ್ದು ಒಂದೇ ಲೈನು, ಒಂದು ಸಲಕ್ಕೆ ಒಬ್ಬರೇ. ಬೇರೆಯವರು ಒಳಗಿದ್ದರೆ ಎಂಗೇಜ್ ಟೋನ್. ಲೋಕಲ್ ಕಾಲ್ ಆದ್ದರಿಂದ ಬಿಲ್ಲಿನ ಚಿಂತೆ ಇರಲಿಲ್ಲ, ಇಪ್ಪತ್ತು ಸಲ ತಿರುಗಿಸಿದರೂ ಅಷ್ಟೇ.

ಆಟದ ಹೆಸರು ಲೆಜೆಂಡ್ ಆಫ್ ದಿ ರೆಡ್ ಡ್ರ್ಯಾಗನ್. ಆಡುವವರ ಬಾಯಲ್ಲಿ ಲಾರ್ಡ್. 1989ರಲ್ಲಿ ಸೆತ್ ಏಬಲ್ ರಾಬಿನ್ಸನ್ ಎಂಬಾತ ಬರೆದದ್ದು. ಇಂಥವಕ್ಕೆ ಡೋರ್ ಗೇಮ್ ಅನ್ನುತ್ತಿದ್ದರು. ಬೋರ್ಡಿನ ಪ್ರೋಗ್ರಾಮು ನಮ್ಮ ಹೆಸರನ್ನೂ ಉಳಿದ ಸಮಯವನ್ನೂ ಒಂದು ಪುಟ್ಟ ಫೈಲಿನಲ್ಲಿ ಬರೆದು, ನಮ್ಮನ್ನು ಆಟದ ಬಾಗಿಲಿಗೆ ಬಿಟ್ಟು ತಾನು ಪಕ್ಕಕ್ಕೆ ಸರಿಯುತ್ತಿತ್ತು. ಚಿತ್ರಗಿತ್ರ ಏನೂ ಇಲ್ಲ, ಬಣ್ಣಬಣ್ಣದ ಅಕ್ಷರ ಮಾತ್ರ. ನನ್ನ ಮೋಡೆಮಿನಲ್ಲಿ ಒಂದು ಪರದೆ ತುಂಬಲು ಎಂಟು ಸೆಕೆಂಡು. ಸಾಲಿನ ಮೇಲೆ ಸಾಲು, ಯಾರೋ ರಂಗೋಲಿ ಎಳೆದ ಹಾಗೆ ಬರುತ್ತಿತ್ತು.

ಊರಿನ ಮಕ್ಕಳನ್ನು ಒಂದು ಕೆಂಪು ಡ್ರ್ಯಾಗನ್ ಎತ್ತಿಕೊಂಡು ಹೋಗುತ್ತಿದೆ, ಅದನ್ನು ಕೊಲ್ಲಬೇಕು. ಕಥೆ ಇಷ್ಟೇ. ಊರಿನಲ್ಲಿ ಆಯುಧದ ಅಂಗಡಿ, ಅಬ್ದುಲನ ಕವಚದಂಗಡಿ, ಬ್ಯಾಂಕು, ವೈದ್ಯನ ಗುಡಿಸಲು, ಒಂದು ಛತ್ರ, ಒಂದು ಗರಡಿ. ಊರಾಚೆ ಕಾಡು. ಕಾಡಿನಲ್ಲಿ ಎದುರಾದವರನ್ನು ಹೊಡೆದು ಹಣ ಮತ್ತು ಅನುಭವ ಗಳಿಸಬೇಕು. ಸಾಕಷ್ಟಾದಾಗ ಗರಡಿಗೆ ಹೋಗಿ ಗುರುವನ್ನೇ ಸೋಲಿಸಿದರೆ ಒಂದು ಮೆಟ್ಟಿಲು ಮೇಲೆ. ಹಾಲ್ಡರ್‌ನಿಂದ ಟರ್ಗನ್‌ವರೆಗೆ ಹನ್ನೊಂದು ಗುರುಗಳು. ಹನ್ನೆರಡನೆಯ ಮೆಟ್ಟಿಲು ಹತ್ತಿದವರಿಗೆ ಮಾತ್ರ ಡ್ರ್ಯಾಗನ್ ಹುಡುಕುವ ಅವಕಾಶ. ಮೊದಲ ಮೆಟ್ಟಿಲಲ್ಲಿ ನನ್ನ ಶತ್ರುಗಳು ಯಾರೆಂದುಕೊಂಡಿರಿ? ಹಸಿರು ಹೆಗ್ಗಣ, ಒರಟು ಹುಡುಗ, ದೊಡ್ಡ ಸೊಳ್ಳೆ. ಸೊಳ್ಳೆಯ ಕೈಯಲ್ಲಿ ನಾನು ಸತ್ತದ್ದೂ ಉಂಟು. ಸತ್ತರೆ ಆ ದಿನ ಮುಗಿಯಿತು, ನಾಳೆ ಬಾ.

ಈ "ನಾಳೆ ಬಾ" ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಆಟದ ಜೀವ ಅದೇ. ನಮ್ಮ ಬೋರ್ಡಿನಲ್ಲಿ ದಿನಕ್ಕೆ 15 ಕಾಡು ಕಾಳಗ. ಹೆಚ್ಚು ಕಡಿಮೆ ಮಾಡುವುದು ಸಿಸಾಪ್, ಅಂದರೆ ಬೋರ್ಡಿನ ಯಜಮಾನ, ಅವನಿಷ್ಟ. ರೇಷನ್ ಅಂಗಡಿಯ ಸಕ್ಕರೆ ಥರ ಲೆಕ್ಕ ಹಾಕಿ ಬಳಸಬೇಕು. ಕಾಡಿನಲ್ಲಿ ಆಗಾಗ ಒಬ್ಬ ಮುದುಕ ಸಿಗುತ್ತಿದ್ದ. ದಾರಿ ತಪ್ಪಿದೆ, ಛತ್ರಕ್ಕೆ ಬಿಡ್ತೀಯಾ ಅನ್ನುತ್ತಿದ್ದ. ಕರೆದುಕೊಂಡು ಹೋದರೆ ಒಂದು ಕಾಳಗ ಖೋತಾ. ಆಮೇಲೆ ಅವನು ದುಡ್ಡು ಕೊಡುತ್ತಾನೆ, ಅದು ಬೇರೆ ಮಾತು. ಮೊದಲ ದಿನ ನನಗೆ ಅದು ಗೊತ್ತಿರಲಿಲ್ಲ. ಅರ್ಧ ನಿಮಿಷ ಯೋಚಿಸಿದೆ. ಅಕ್ಷರದ ಮುದುಕನ ವಿಷಯದಲ್ಲಿ ಇಷ್ಟು ಜಿಪುಣತನ ಬೇಡ ಅನ್ನಿಸಿ ಕರೆದುಕೊಂಡು ಹೋದೆ.

ರಾತ್ರಿ ಮಲಗುವುದು ಇನ್ನೊಂದು ತಲೆನೋವು. ಆಟ ಬಿಟ್ಟು ಹೋದರೆ ನಾವು ಬಯಲಿನಲ್ಲಿ ಮಲಗಿದ ಹಾಗೆ, ಬೇರೆ ಆಟಗಾರರು ಬಂದು ಹೊಡೆಯಬಹುದು. ಛತ್ರದಲ್ಲಿ ದುಡ್ಡು ಕೊಟ್ಟು ರೂಮು ಹಿಡಿಯಬಹುದು, ಆದರೆ ಅಲ್ಲಿಯೂ ಬಾರ್ಟೆಂಡರನಿಗೆ ಲಂಚ ಕೊಟ್ಟು ಒಳನುಗ್ಗುವ ದಾರಿ ಇತ್ತು. (ಅದನ್ನು ಕಂಡಾಗ ಊರು ನೆನಪಾಯಿತು ಅಂದರೆ ತಪ್ಪು ತಿಳಿಯಬೇಡಿ.) ಒಂದು ದಿನ ಹಣ ಬ್ಯಾಂಕಿಗೆ ಹಾಕಲು ಮರೆತು, ಬಯಲಲ್ಲೇ ಬಿದ್ದುಕೊಂಡೆ. ಬೆಳಿಗ್ಗೆ ದಿನದ ಸುದ್ದಿಯಲ್ಲಿ ಓಬವ್ವ ಹತಳಾದ ಸಮಾಚಾರ. ಕೊಂದವನು ಹೆಸರಿನಲ್ಲಿ ಮೂರು ಎಕ್ಸ್ ಇಟ್ಟುಕೊಂಡಿದ್ದ ಒಬ್ಬ, ಬಹುಶಃ ಹೈಸ್ಕೂಲ್ ಹುಡುಗ. ನನ್ನ ಹೊಟ್ಟೆ ಉರಿದುಹೋಯಿತು. ಛತ್ರದ ಗೋಡೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ "ಕೈಗೆ ಸಿಗು, ಮಾಡ್ತೀನಿ" ಅಂತ ಕನ್ನಡ ಬರೆದೆ. ಇದು ಯಾವ ಮಂತ್ರ ಅಂತ ಇಬ್ಬರು ಕೇಳಿದರು.

ಅದೇ ಛತ್ರದಲ್ಲಿ ಸೆತ್ ಏಬಲ್ ಅಂತ ಒಬ್ಬ ಹಾಡುಗಾರ ಕೂತಿರುತ್ತಿದ್ದ. ಹೌದು, ಆಟ ಬರೆದವನೇ! ಗಂಡಸರು ಅಲ್ಲಿನ ವಯಲೆಟ್ ಎಂಬ ಹುಡುಗಿಗೆ ಕಣ್ಣು ಹೊಡೆಯಬೇಕು, ಹೆಂಗಸರು ಈ ಮಹಾಶಯನಿಗೆ. ತನ್ನನ್ನೇ ಊರಿನ ಸುಂದರಾಂಗನನ್ನಾಗಿ ಮಾಡಿಕೊಂಡ ಧೈರ್ಯಕ್ಕೆ ಮೆಚ್ಚಬೇಕು. ನಾನು ಅವನ ಹಾಡು ಕೇಳುತ್ತಿದ್ದೆ, ಅಷ್ಟೇ. ಒಮ್ಮೊಮ್ಮೆ ಅದರಿಂದ ಕಾಳಗ ಹೆಚ್ಚು ಸಿಗುತ್ತಿತ್ತು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಡುವಾಗ ಫೋನ್ ಬಂದರೆ ಕಾಲ್ ವೇಟಿಂಗ್‌ನ ಬೀಪ್ ಮೋಡೆಮಿನ ಸಂಪರ್ಕ ಕಡಿದುಹಾಕುತ್ತಿತ್ತು. ನಂಬರಿಗೆ ಮೊದಲು ಸ್ಟಾರ್ 70 ಒತ್ತಿದರೆ ಆ ಕಾಟ ಇಲ್ಲ, ಹೊರಗಿನವರಿಗೆ ಬರೀ ಎಂಗೇಜ್. ಬೆಳಿಗ್ಗೆ ಹತ್ತು ಅಂದರೆ ದುರ್ಗದಲ್ಲಿ ರಾತ್ರಿ ಎಂಟೂವರೆ. ಅಮ್ಮ ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಂಡು ಐಎಸ್‌ಡಿ ಬೂತಿಗೆ ನಡೆದು ಹೋಗಿದ್ದಾರೆ. ಮೂರು ಸಲ ಪ್ರಯತ್ನಿಸಿ, ಸಿಗದೆ ವಾಪಸಾಗಿದ್ದಾರೆ. ಎರಡು ವಾರದ ಮೇಲೆ ಕಾಗದ ಬಂತು. "ಪರಸ್ಥಳದಾಗೆ ಅಷ್ಟು ಹೊತ್ತು ಯಾರ ಹತ್ರ ಮಾತಾಡ್ತೀಯೇ?" ಏನಂತ ಬರೆಯಲಿ? ಕಾಡಿನಲ್ಲಿದ್ದೆ ಅಂತಲೇ? ಅಂದಿನಿಂದ ನನ್ನ ಬೇಟೆ ಮಧ್ಯಾಹ್ನ ಒಂದರ ಮೇಲೆ.

ಏಪ್ರಿಲ್‌ನಲ್ಲಿ ಡ್ರ್ಯಾಗನ್ ಸತ್ತಿತು. ಹಿಮವೂ ಕರಗಿತ್ತು. ನಮ್ಮನೆಯವರು ಬಂದಾಗ ಹೇಳಿದೆ. "ಹೌದಾ, ಒಳ್ಳೇದಾಯ್ತು, ಅನ್ನ ಆಗಿದೆಯಾ?" ಅಂದರು. ಗೆದ್ದವರಿಗೆ ಸಿಗುವ ಬಹುಮಾನವೂ ವಿಚಿತ್ರ. ಖಡ್ಗ, ಕವಚ ಎಲ್ಲ ಹೋಗಿ ಮತ್ತೆ ಮೊದಲ ಮೆಟ್ಟಿಲು. ಹೆಸರಿನ ಮುಂದೆ ಒಂದು ಡ್ರ್ಯಾಗನ್ ಕೊಂದ ಲೆಕ್ಕ ಉಳಿಯುತ್ತದೆ.

ವೆಬ್ ಬಂತು, ನಾವೂ ಊರು ಬದಲಿಸಿದೆವು, ಆ ಬೋರ್ಡು ಮುಚ್ಚಿತು. 1998ರಲ್ಲಿ ರಾಬಿನ್ಸನ್ ಆಟವನ್ನು ಬೇರೆಯವರಿಗೆ ಮಾರಿದ. ಆದರೆ ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಸೇರಿಸುವ ಟೆಲ್ನೆಟ್‌ನಲ್ಲಿ ಇವತ್ತಿಗೂ ಅದನ್ನು ನಡೆಸುವ ಪುಣ್ಯಾತ್ಮರಿದ್ದಾರೆ. ಈಗ ಮೈಸೂರಿನ ಮನೆಯಲ್ಲಿ ಮೊಮ್ಮಗ ಮಲಗಿದ ಮೇಲೆ, ಇಂಥ ಬೋರ್ಡುಗಳಿಗೆ ಹೋಗುವ ಪ್ರೋಗ್ರಾಮಾದ ಸಿಂಕ್‌ಟರ್ಮ್ ತೆರೆಯುತ್ತೇನೆ. ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಬಿಡುತ್ತದೆ, ರಂಗೋಲಿ ಎಳೆಯುವುದು ಕಾಣುವುದಿಲ್ಲ. ಮೊನ್ನೆ ಹೊಸ ಹೆಸರು ಕೇಳಿತು. ಹಳೆಯದನ್ನೇ ಕೊಟ್ಟೆ. ಕೋಲು ಹಿಡಿದು ಕಾಡಿಗೆ ಹೋದೆ. ಎದುರಿಗೆ ದೊಡ್ಡ ಸೊಳ್ಳೆ.