ಬಸ್ಸಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬೇಕು, ಯಾವ ಬೆಟ್ಟ ಹತ್ತಲಿ?

ಬೆಂಗಳೂರಿನಲ್ಲಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕಾರಿಲ್ಲ, ರಜೆ ಇರುವುದು ಭಾನುವಾರ ಒಂದೇ ದಿನ, ಸೋಮವಾರ ಕೆಲಸಕ್ಕೆ ಹೋಗಬೇಕು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟ ಹತ್ತಿ ಅಭ್ಯಾಸವೇ ಇಲ್ಲದಿದ್ದರೆ ಶಿವಗಂಗೆ. ಒಂದೆರಡು ಹತ್ತಿ ಕಾಲು ಪಳಗಿದ್ದರೆ ಸಾವನದುರ್ಗ. ರೈಲೇ ಅನುಕೂಲ ಎಂದಾದರೆ ರಾಮನಗರ. ಎಲ್ಲಿಗೇ ಹೋಗಿ, ಬೆಳಿಗ್ಗೆ ಹನ್ನೊಂದೂವರೆಯೊಳಗೆ ಬೆಟ್ಟ ಇಳಿದಿರಬೇಕು. ಹೊರಡುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಈ ಗಡುವಿಗೆ ಕಾರಣ ಕಲ್ಲು. ರಾಮನಗರ, ಮಾಗಡಿ, ಶಿವಗಂಗೆ, ಮಧುಗಿರಿ, ಇವೆಲ್ಲ ಉತ್ತರ ದಕ್ಷಿಣವಾಗಿ ಹಾದುಹೋಗುವ ಒಂದೇ ಗ್ರಾನೈಟ್ ಪಟ್ಟಿಯ ಬೆಟ್ಟಗಳು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಲೆನಾಡಿನ ಬೆಟ್ಟಗಳಂತೆ ಇಲ್ಲಿ ಮರದ ನೆರಳಿಲ್ಲ, ದಾರಿಯ ಬಹುಪಾಲು ಬೋಳುಬಂಡೆ. ಹತ್ತು ಗಂಟೆ ದಾಟಿತೆಂದರೆ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಬಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೇರೆ. ಬಟಾಬಯಲಿನ ಬಂಡೆಯ ಮೇಲೆ ಸಿಡಿಲಿನಿಂದ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಶಿವಗಂಗೆಗೆ ಮೆಜೆಸ್ಟಿಕ್‌ನಿಂದಲೋ ಗೊರಗುಂಟೆಪಾಳ್ಯದಿಂದಲೋ ತುಮಕೂರು ಬಸ್ ಹಿಡಿದು ದಾಬಸ್‌ಪೇಟೆಯಲ್ಲಿ ಇಳಿಯಬೇಕು. ನಾನ್‌ಸ್ಟಾಪ್ ಬಸ್ ಅಲ್ಲಿ ನಿಲ್ಲುವುದಿಲ್ಲ, ಕಂಡಕ್ಟರನ್ನು ಕೇಳಿಯೇ ಹತ್ತಿ. ದಾಬಸ್‌ಪೇಟೆಯಿಂದ ಬೆಟ್ಟದ ಬುಡಕ್ಕೆ ಆಟೋ ಸಿಗುತ್ತದೆ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ, ನಾಲ್ಕೈದು ಜನ ಸೇರಿದರೆ ತಲೆಗೆ ಕಡಿಮೆ ಬೀಳುತ್ತದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ, ಗುರುತಿನ ಚೀಟಿ ಮರೆಯಬೇಡಿ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್. ಬೆಂಗಳೂರೇ 900 ಮೀಟರಿನ ಮೇಲಿರುವುದರಿಂದ ಆ ಅಂಕಿಗೆ ಹೆದರಬೇಕಿಲ್ಲ. ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥದವರೆಗೆ ವಯಸ್ಸಾದವರೂ ನಿಧಾನವಾಗಿ ಹತ್ತುತ್ತಾರೆ. ಅದರ ಮೇಲಿನದು ಬೇರೆಯೇ ಬೆಟ್ಟ ಅಂದುಕೊಳ್ಳಿ. ಬಂಡೆಯಲ್ಲೇ ಕಡಿದ ಕಿರಿದಾದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಕೆಲವು ಕಡೆ ಪೂರ್ತಿ ಪಾದ ಊರಲು ಜಾಗ ಸಾಲದು, ಪಾದವನ್ನು ಓರೆಯಾಗಿಟ್ಟು ಏರಬೇಕು. ತಡವಾಗಿ ಹೋದರೆ ಬಿಸಿಲಿಗೆ ಕಾದ ಆ ಕಂಬಿಯನ್ನು ಹಿಡಿಯುವುದೇ ಕಷ್ಟ. ಇಳಿಯುವವರೂ ಏರುವವರೂ ಅದೇ ಮೆಟ್ಟಿಲಲ್ಲಿ ಎದುರಾಗುವುದರಿಂದ ಭಾನುವಾರ ಹನ್ನೊಂದರ ಹೊತ್ತಿಗೆ ನೂಕುನುಗ್ಗಲು. ಎತ್ತರ ಕಂಡರೆ ತಲೆಸುತ್ತು ಬರುವವರು ಒಳಕಲ್ಲು ತೀರ್ಥ ನೋಡಿ ವಾಪಸಾಗುವುದೇ ಒಳ್ಳೆಯದು.

ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಸಾಕು. ಕೈಯಲ್ಲಿ ಏನನ್ನೂ ಹಿಡಿಯಬೇಡಿ, ತಿಂಡಿ ನೀರು ಎರಡೂ ಜಿಪ್ ಹಾಕಿದ ಬ್ಯಾಗಿನೊಳಗಿರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ. ಎಳೆದಾಡಿದರೆ ಕಚ್ಚುತ್ತವೆ, ಮೆಟ್ಟಿಲ ಮೇಲೆ ಆಯ ತಪ್ಪುವುದೂ ಉಂಟು.

ಸಾವನದುರ್ಗದ್ದು ಇನ್ನೊಂದು ರೀತಿ. ಮಾಗಡಿಗೆ ಬಸ್ಸು ಧಾರಾಳವಾಗಿದೆ, ಅಲ್ಲಿಂದ ಬುಡದವರೆಗೆ ಆಟೋ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಗುಡ್ಡಗಳಿವೆ, ಸಾಮಾನ್ಯವಾಗಿ ಜನ ಹತ್ತುವುದು ಕರಿಗುಡ್ಡ. ಎತ್ತರ 1,226 ಮೀಟರ್. ಮೆಟ್ಟಿಲಿಲ್ಲ, ಕಂಬಿಯಿಲ್ಲ, ಇಳಿಜಾರು ಬಂಡೆಯ ಮೇಲೆ ಬಿಳಿ ಬಣ್ಣದ ಬಾಣದ ಗುರುತು ನೋಡಿಕೊಂಡು ನಡೆಯಬೇಕು. ಏರಲು ಒಂದೂವರೆಯಿಂದ ಎರಡು ಗಂಟೆ, ಇಳಿಯಲೂ ಹೆಚ್ಚುಕಡಿಮೆ ಅಷ್ಟೇ. ಇಳಿಯುವುದು ಬೇಗ ಎಂದು ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ.

ಅನಾಹುತಗಳಾಗುವುದೂ ಇಳಿಯುವಾಗಲೇ. ಏರುವಾಗ ಬಾಣದ ಗುರುತು ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಬಂಡೆ ಮುಂದಕ್ಕೆ ಉಬ್ಬಿಕೊಂಡಿರುವುದರಿಂದ ಹತ್ತು ಹೆಜ್ಜೆ ಆಚೆಗಿನದು ಕಾಣುವುದಿಲ್ಲ. ದೇವಸ್ಥಾನ ಅಲ್ಲೇ ಕಾಣುತ್ತಿದೆಯಲ್ಲ ಎಂದು ನೇರವಾಗಿ ಇಳಿದರೆ ಇಳಿಜಾರು ಕಡಿದಾಗುತ್ತಾ ಹೋಗಿ, ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ಸಿಕ್ಕಿಕೊಳ್ಳಬೇಕಾಗುತ್ತದೆ. ಅದಕ್ಕೆ ಏರುವಾಗಲೇ ಆಗಾಗ ನಿಂತು ಹಿಂದಿರುಗಿ ನೋಡಿ. ಕೋಟೆ ಗೋಡೆ ಯಾವ ಕೈಗೆ ಬಂತು, ಪೊದೆ ಎಲ್ಲಿತ್ತು ಎಂದು ಗುರುತಿಟ್ಟುಕೊಳ್ಳಿ. ಬಾಣ ತಪ್ಪಿತು ಅನಿಸಿದ ಕೂಡಲೇ ಕೊನೆಯ ಬಾಣದವರೆಗೆ ವಾಪಸ್ ಏರಿ.

ಹೆಜ್ಜೆ ಇಡುವುದಕ್ಕೂ ಒಂದು ಕ್ರಮವಿದೆ. ಹೆದರಿಕೆಯಲ್ಲಿ ಜನ ಹಿಂದಕ್ಕೆ ವಾಲಿ ಹಿಮ್ಮಡಿ ಊರುತ್ತಾರೆ, ಆಗಲೇ ಜಾರುವುದು. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಅಂಗಾಲು ಬಂಡೆಗೆ ತಾಗುವಂತೆ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಅಡ್ಡಡ್ಡ ಇಳಿಯಿರಿ. ತೀರಾ ಕಡಿದಾದ ಕಡೆ ಕೂತು ಜರುಗಿ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಬಂಡೆಯ ಮೇಲ್ಪದರ ಹಪ್ಪಳದಂತೆ ಎದ್ದಿರುವ ಕಡೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ, ಅಂಥ ಕಡೆ ಭಾರ ಹಾಕಬೇಡಿ. ನೀರು ಹರಿದು ಕಪ್ಪಾದ ಪಟ್ಟೆಗಳಲ್ಲಿ ಪಾಚಿ ಇರುತ್ತದೆ. ಒಣಗಿದ್ದಾಗ ಅದರ ಮೇಲೆ ಕಾಲು ನಿಂತೀತು, ನಾಲ್ಕು ಹನಿ ಬಿದ್ದರೆ ಎಂಥ ಶೂ ಹಾಕಿದ್ದರೂ ಜಾರುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಸಾವನದುರ್ಗ ಕೈಬಿಟ್ಟು ಶಿವಗಂಗೆಗೋ ದೇವರಾಯನದುರ್ಗಕ್ಕೋ ಹೋಗಿ.

ದುಬಾರಿ ಶೂ ಬೇಕಿಲ್ಲ, ಅಡಿ ಸವೆಯದ ಮೆತ್ತನೆ ರಬ್ಬರ್ ಸೋಲ್ ಸಾಕು. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳು ಶೂ ತುದಿಗೆ ಬಡಿದು ಉಗುರಿನಡಿ ರಕ್ತ ಕಟ್ಟುತ್ತದೆ. ನೀರು ಒಬ್ಬೊಬ್ಬರಿಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿಟ್ಟುಕೊಳ್ಳಿ. ಬೆವರು ಸುರಿಯುವಾಗ ಬರೀ ನೀರನ್ನೇ ಕುಡಿಯುತ್ತಿದ್ದರೆ ತಲೆನೋವು, ಸುಸ್ತು ಬಿಡುವುದಿಲ್ಲ. ಸೆಂಟು ಹಾಕಿಕೊಳ್ಳಬೇಡಿ, ಬೆಂಕಿ ಹೊಗೆ ಮಾಡಬೇಡಿ, ಈ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹುಳು ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಸರಿಯಿರಿ.

ರಾಮನಗರಕ್ಕೆ ಮೈಸೂರು ಮಾರ್ಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಸ್ಟೇಷನ್ನಿನಿಂದ ರಾಮದೇವರ ಬೆಟ್ಟಕ್ಕೆ ಆಟೋ. ಮೆಟ್ಟಿಲಿರುವ ಸುಲಭದ ಬೆಟ್ಟ. ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಇದು ರಣಹದ್ದು ಧಾಮವಾಯಿತು, ಹಾಗಾಗಿ ಗಲಾಟೆ, ಸ್ಪೀಕರ್ ಬೇಡ. ಕರಡಿ, ಚಿರತೆಯ ಜಾಗವಾದ್ದರಿಂದ ಬೆಳಕು ಹರಿಯುವ ಮೊದಲು ಹೋಗುವಂತಿಲ್ಲ.

ಸ್ಕಂದಗಿರಿ, ಮಾಕಳಿದುರ್ಗದಂಥ ಅರಣ್ಯ ಇಲಾಖೆಯ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬೇಕು. ಅದಕ್ಕಾಗಿ ಇಲಾಖೆ 2024ರಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ತೆರೆದಿದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಗೇಟಿನ ಬಳಿ ಹೋಗಿ ನೋಡೋಣ ಎಂದರೆ ಆಗದು. ಸಾವನದುರ್ಗಕ್ಕೂ ಹೊರಡುವ ಮೊದಲು ಅಲ್ಲೇ ನೋಡಿಕೊಳ್ಳಿ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸಾವನದುರ್ಗ ಇಳಿದವರು ಮೈ ತಣಿಸಿಕೊಳ್ಳಲು ಹತ್ತಿರದ ಮಂಚನಬೆಲೆ ಹಿನ್ನೀರಿಗೆ ಇಳಿಯುತ್ತಾರೆ. ಅಲ್ಲಿ ಈಜು ನಿಷೇಧ. ದಡದಲ್ಲಿ ಮೊಣಕಾಲುದ್ದ ಕಾಣುವ ನೀರು ಏಕಾಏಕಿ ಆಳವಾಗುತ್ತದೆ, ಕೆಳಗೆ ಕೆಸರು. ಈಜು ಬಲ್ಲವರೂ ಅಲ್ಲಿ ಸತ್ತಿದ್ದಾರೆ. ಮಾಗಡಿಗೆ ವಾಪಸ್ ಹೋಗಿ ಊಟ ಮಾಡಿ, ಬೆಂಗಳೂರಿನ ಬಸ್ ಹತ್ತಿ. ಮಧ್ಯಾಹ್ನ ಎರಡಕ್ಕೆ ಹೊರಟರೆ ಸಂಜೆಯ ಟ್ರಾಫಿಕ್ಕಿಗೆ ಸಿಗುವುದಿಲ್ಲ.